ಯಂತ್ರ ಪ್ರಶ್ನೋತ್ತರ: ಎಕ್ಸ್‌ಕವೇಟರಿನ ಮುಳ್ಳು ತೋರಿಸುವ ಬಿಸಿಯೂ ಎಂಜಿನ್ನಿನ ನಿಜವಾದ ಬಿಸಿಯೂ

ಈ ಬಾರಿ ಬಂದ ಪತ್ರಗಳಲ್ಲಿ ಎಂಜಿನ್ ತಾಪಮಾನಕ್ಕೆ ಸಂಬಂಧಿಸಿದವುಗಳನ್ನೇ ಆರಿಸಿ ಒಟ್ಟಿಗೆ ಉತ್ತರಿಸಲಾಗಿದೆ. ಒಂದು ಪತ್ರದ ಉತ್ತರದಲ್ಲಿ ವಿವರಿಸಿದ ಪರೀಕ್ಷೆ ಮುಂದಿನ ಪತ್ರಕ್ಕೂ ಬೇಕಾಗುವುದರಿಂದ ಇವುಗಳನ್ನು ಅನುಕ್ರಮವಾಗಿ ಓದಿಕೊಳ್ಳಬೇಕೆಂದು ವಿನಂತಿ.

ಪ್ರಶ್ನೆ: ನನ್ನ ಬಳಿ 20 ಟನ್ ತೂಕದ ಎಕ್ಸ್‌ಕವೇಟರ್ ಇದ್ದು, ಕೃಷಿ ಹೊಂಡ ತೆಗೆಯುವುದಕ್ಕೂ ಕೆರೆ ಹೂಳೆತ್ತುವುದಕ್ಕೂ ಬಾಡಿಗೆಗೆ ಬಿಡುತ್ತೇನೆ. ಇತ್ತೀಚೆಗೆ ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ತಾಪಮಾನದ ಮುಳ್ಳು ಕೆಂಪು ಪಟ್ಟಿಗೆ ಏರುತ್ತದೆ, ಬಜರ್ ಕೂಗುತ್ತದೆ, ಎಂಜಿನ್ ಸ್ಟಾರ್ಟ್ ಆದರೂ ವೇಗ ಏರುವುದಿಲ್ಲ. ಮಾನಿಟರಿನಲ್ಲಿ 110-4 ಎಂಬ ಕೋಡ್ ಬರುತ್ತದೆ. ಮೆಕ್ಯಾನಿಕ್ ಎರಡು ಸಲ ಕೂಲೆಂಟ್ ಸೆನ್ಸರ್ ಬದಲಿಸಿದರೂ ಸರಿಹೋಗಲಿಲ್ಲ. ಈಗ ಎಂಜಿನ್ನಿನ ಕಂಪ್ಯೂಟರೇ ಕೆಟ್ಟಿದೆ, ಅದನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಅಷ್ಟು ಹಣ ಹಾಕುವ ಮೊದಲು ನೋಡಬೇಕಾದದ್ದು ಬೇರೇನಾದರೂ ಇದೆಯೇ?
— ಯಂತ್ರದ ಮಾಲೀಕರು, ಶಿರಾ

ಉತ್ತರ: ಖಂಡಿತವಾಗಿಯೂ ಇದೆ. ನಿಮ್ಮ ಪತ್ರವನ್ನು ನೋಡಿದರೆ ಸೆನ್ಸರಿನಿಂದ ಕಂಪ್ಯೂಟರಿನವರೆಗೆ, ಅಂದರೆ ಇಸಿಎಂವರೆಗೆ ಹೋಗುವ ಎರಡು ತಂತಿಗಳನ್ನು ಇದುವರೆಗೆ ಯಾರೂ ಅಳೆದು ನೋಡಿದಂತಿಲ್ಲ. ಆ ಅಳತೆಗೆ ಬೇಕಾಗುವುದು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಸ್ವಲ್ಪ ತಾಳ್ಮೆ. ಅದನ್ನು ಮಾಡದೆ ಇಸಿಎಂ ಬದಲಿಸಲು ಒಪ್ಪಬೇಡಿ.

ರಾತ್ರಿಯಿಡೀ ನಿಂತ ಎಂಜಿನ್ ಬೆಳಿಗ್ಗೆ ಕೀ ತಿರುಗಿಸಿದ ಕ್ಷಣದಲ್ಲಿ ಕುದಿಯುತ್ತಿರಲು ಸಾಧ್ಯವಿಲ್ಲ. ಆದ್ದರಿಂದ ಮುಳ್ಳು ತೋರಿಸುತ್ತಿರುವುದು ಕೂಲೆಂಟಿನ, ಅಂದರೆ ಎಂಜಿನ್ನನ್ನು ತಣಿಸುವ ನೀರಿನ ಬಿಸಿಯನ್ನಲ್ಲ, ವಿದ್ಯುತ್ ಮಾರ್ಗದಲ್ಲಿರುವ ದೋಷವನ್ನು ಎಂಬುದು ಅಲ್ಲಿಗೇ ಖಚಿತವಾಯಿತು. ಇದು ಹೇಗಾಗುತ್ತದೆ ಎಂಬುದನ್ನು ತಿಳಿಯಲು ಸೆನ್ಸರ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡಬೇಕು. ಅದರ ಹಿತ್ತಾಳೆಯ ತುದಿಯೊಳಗೆ ಥರ್ಮಿಸ್ಟರ್ ಎಂಬ ಚಿಕ್ಕ ಬಿಡಿಭಾಗವಿದ್ದು, ಅದು ಬಿಸಿಯಾದಷ್ಟೂ ಅದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ. ಬಹಳ ಬಳಕೆಯಲ್ಲಿರುವ ಒಂದು ಬಗೆಯ ಸೆನ್ಸರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,500 ಓಮ್ ಇರುವ ರೋಧ, 80 ಡಿಗ್ರಿಗೆ ಸುಮಾರು 320 ಓಮ್‌ಗೂ 100 ಡಿಗ್ರಿಗೆ ಸುಮಾರು 190 ಓಮ್‌ಗೂ ಇಳಿಯುತ್ತದೆ. ಇಸಿಎಂ ತನ್ನೊಳಗಿನ ಒಂದು ರೆಸಿಸ್ಟರಿನ ಮೂಲಕ ಸೆನ್ಸರಿಗೆ 5 ವೋಲ್ಟ್ ಕಳುಹಿಸಿ, ತಂತಿಯಲ್ಲಿ ಎಷ್ಟು ವೋಲ್ಟ್ ಉಳಿಯಿತು ಎಂಬುದನ್ನು ನೋಡಿ ತಾಪಮಾನವನ್ನು ಲೆಕ್ಕ ಹಾಕುತ್ತದೆ. ನೀರು ಬಿಸಿಯಾದಂತೆ ಈ ವೋಲ್ಟೇಜ್ ಇಳಿಯುತ್ತದೆ. ತಂತಿ ಎಲ್ಲಾದರೂ ತುಂಡಾದರೆ 5 ವೋಲ್ಟ್ ಹಾಗೇ ಉಳಿದು, ಇಸಿಎಂಗೆ ಅದು ಮೈನಸ್ 40 ಡಿಗ್ರಿಯ ಚಳಿಯಂತೆ ಕಾಣುತ್ತದೆ. ತಂತಿ ಅರ್ಥ್‌ಗೆ, ಅಂದರೆ ಎಂಜಿನ್ನಿನ ಲೋಹದ ಮೈಗೆ ತಗುಲಿದರೆ ವೋಲ್ಟೇಜ್ ಸೊನ್ನೆಗಿಳಿದು, ವಿಪರೀತ ಬಿಸಿಯಂತೆ ಕಾಣುತ್ತದೆ.

ನಿಮ್ಮ ಕೋಡಿನ ಅರ್ಥವೂ ಇದೇ. ಎಂಜಿನ್ ಮತ್ತು ಮಾನಿಟರುಗಳ ನಡುವಿನ ಸಂದೇಶಗಳಿಗೆ ಬಳಕೆಯಲ್ಲಿರುವ ಜೆ 1939 ಎಂಬ ಮಾನದಂಡದಲ್ಲಿ 110 ಎಂದರೆ ಎಂಜಿನ್ ಕೂಲೆಂಟ್ ತಾಪಮಾನ. ಅದರ ಮುಂದಿನ ಅಂಕಿ ದೋಷದ ಬಗೆಯನ್ನು ಹೇಳುತ್ತದೆ. 3 ಎಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಹೆಚ್ಚು, 4 ಎಂದರೆ ಕಡಿಮೆ, 2 ಎಂದರೆ ಅಳತೆ ಅಡ್ಡಾದಿಡ್ಡಿಯಾಗಿ ಬದಲಾಗುತ್ತಿದೆ. ಆದರೆ 0 ಅಥವಾ 16 ಬಂದಿದ್ದರೆ ಅಲ್ಲಿ ಸೆನ್ಸರನ್ನು ದೂರುವಂತಿಲ್ಲ; ಅಳತೆ ನಂಬುವಂಥದ್ದೇ, ಎಂಜಿನ್ ನಿಜವಾಗಿಯೂ ಕಾದಿದೆ ಎಂಬ ಸೂಚನೆ ಅದು. ಈ ವ್ಯತ್ಯಾಸವನ್ನು ಗಮನಿಸದೆ, 110 ಎಂದು ಕಂಡ ಕೂಡಲೇ ಸೆನ್ಸರ್ ತರಿಸುವುದರಿಂದಲೇ ಎಷ್ಟೋ ಹಣ ಪೋಲಾಗುತ್ತಿದೆ. ಕೆಲವು ಕಂಪನಿಗಳು ತಮ್ಮದೇ ಕೋಡುಗಳನ್ನು ತೋರಿಸುತ್ತವೆಯಾದರೂ ವೋಲ್ಟೇಜ್ ಹೆಚ್ಚು, ವೋಲ್ಟೇಜ್ ಕಡಿಮೆ ಎಂಬ ವಿಂಗಡಣೆ ಸಾಮಾನ್ಯವಾಗಿ ಅವುಗಳಲ್ಲಿಯೂ ಇರುತ್ತದೆ. ಇನ್ನು ಕೆಲವು ಇಸಿಎಂಗಳು ಸೆನ್ಸರಿನ ದೋಷ ಕಂಡ ಕೂಡಲೇ ಅಳತೆಯನ್ನು ಬದಿಗಿಟ್ಟು ತಮ್ಮಲ್ಲೇ ಇರುವ ಒಂದು ನಿಗದಿತ ಸಂಖ್ಯೆಯನ್ನು ಬಳಸುತ್ತವೆ, ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸುತ್ತವೆ. ಹಾಗಾಗಿ ಮುಳ್ಳು ಮತ್ತು ಕೋಡ್ ಎರಡೂ ಬೇರೆ ಬೇರೆ ಮಾತು ಹೇಳುತ್ತಿದ್ದರೆ ಮೊದಲು ಕೋಡನ್ನು ನಂಬಿ.

ಈಗ ಪರೀಕ್ಷೆಗೆ ಬರೋಣ. ಎಂಜಿನ್ ತಣ್ಣಗಿರುವಾಗ, ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಸೆನ್ಸರಿನ ಕನೆಕ್ಟರನ್ನು ಬಿಚ್ಚಿ ಮಾನಿಟರ್ ನೋಡಿ. ಅಳತೆ ತಳಕ್ಕೆ ಇಳಿದರೆ ಅಥವಾ ಕೋಡ್ 4ರಿಂದ 3ಕ್ಕೆ ಬದಲಾದರೆ ತಂತಿಯೂ ಇಸಿಎಂ ಕೂಡ ಸರಿಯಾಗಿಯೇ ಇವೆ, ದೋಷ ಸೆನ್ಸರಿನಲ್ಲಿ ಅಥವಾ ಅದರ ಕನೆಕ್ಟರಿನ ಬಾಯಲ್ಲಿದೆ ಎಂದು ತಿಳಿಯಬೇಕು. ಕನೆಕ್ಟರ್ ಬಿಚ್ಚಿದ ಮೇಲೂ 4 ಹಾಗೇ ಉಳಿದರೆ ಸೆನ್ಸರ್ ನಿರ್ದೋಷಿ. ಎರಡು ಹೊಸ ಸೆನ್ಸರುಗಳಿಂದಲೂ ಬದಲಾವಣೆ ಕಾಣದ ನಿಮ್ಮ ಯಂತ್ರದಲ್ಲಿ ಹೀಗೇ ಆಗುವ ಸಂಭವ ಹೆಚ್ಚು.

ಹಾಗಾದಲ್ಲಿ ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಇಸಿಎಂ ಕಡೆಯ ಕನೆಕ್ಟರನ್ನೂ ಕಳಚಿ. ಈಗ ಎರಡೂ ತುದಿ ಬಿಟ್ಟ ತಂತಿ ಮಾತ್ರ ಉಳಿಯಿತು. ಮೀಟರನ್ನು ಓಮ್‌ಗೆ ಇಟ್ಟು, ಸಿಗ್ನಲ್ ತಂತಿಗೂ (5 ವೋಲ್ಟ್ ಬರುವ ತಂತಿ) ಎಂಜಿನ್ ಬ್ಲಾಕಿಗೂ ನಡುವೆ ಅಳೆಯಿರಿ. ಬಳಿಕ ಅದೇ ಸಿಗ್ನಲ್ ತಂತಿಗೂ ಅದರ ಜೊತೆಯ ರಿಟರ್ನ್ ತಂತಿಗೂ (ವಿದ್ಯುತ್ ಇಸಿಎಂಗೆ ಮರಳುವ ತಂತಿ) ನಡುವೆ ಅಳೆಯಿರಿ. ಎರಡೂ ಕಡೆ ಸಂಪರ್ಕವೇ ಇರಬಾರದು. ಈ ಎರಡನೆಯ ಅಳತೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಎರಡು ತಂತಿಗಳು ಒಂದಕ್ಕೊಂದು ಕರಗಿ ಅಂಟಿದ್ದರೆ ಎಂಜಿನ್ನಿನ ಲೋಹದ ಮೈಗೆ ತಂತಿ ತಗುಲದೆಯೂ ಇದೇ ಕೋಡ್ ಬರುತ್ತದೆ. ಸಂಪರ್ಕ ಕಂಡುಬಂದರೆ ತಂತಿಯನ್ನು ಕಣ್ಣಿನಿಂದಲೇ ಹಿಂಬಾಲಿಸಬೇಕು. ಕ್ಲ್ಯಾಂಪ್ ಮುರಿದು ವೈರಿಂಗ್ ಜೋತುಬಿದ್ದ ಜಾಗ, ಬ್ರಾಕೆಟ್ಟಿನ ಚೂಪಾದ ಅಂಚು, ಟರ್ಬೋ ಬಳಿ ಬಿಸಿಗೆ ಒಣಗಿ ಬಿರಿದ ಕೊಳವೆ, ಡೀಸೆಲ್ ಅಥವಾ ಆಯಿಲ್ ಕುಡಿದು ಮೆತ್ತಗಾದ ಸುತ್ತುಟೇಪು ಇವುಗಳನ್ನು ಮೊದಲು ನೋಡಿ. ಹೊರಗಿನ ಕೊಳವೆ ಚೆನ್ನಾಗಿದ್ದರೂ ಒಳಗಿನ ತಂತಿಯ ಪ್ಲಾಸ್ಟಿಕ್ ಸವೆದು, ತಾಮ್ರದ ಎಳೆಯೊಂದು ಮಿನುಗುವಷ್ಟು ಮಾತ್ರ ಹೊರಬಂದಿರಬಹುದು. ಟಾರ್ಚ್ ಹಿಡಿದು, ಕೊಳವೆಯನ್ನು ಸೀಳಿಯೇ ನೋಡಬೇಕಾಗುತ್ತದೆ. ದಯವಿಟ್ಟು ತಂತಿಯ ಸಿಪ್ಪೆಗೆ ಸೂಜಿ ಚುಚ್ಚಿ ಅಳೆಯಲು ಬಿಡಬೇಡಿ, ಆ ತೂತಿನಿಂದ ಸೇರುವ ನೀರು ಮುಂದಿನ ಮಳೆಗಾಲಕ್ಕೆ ಹೊಸದೊಂದು ದೋಷವನ್ನು ತಯಾರು ಮಾಡಿಡುತ್ತದೆ.

ತಂತಿ ಎಲ್ಲಾ ಅಳತೆಯಲ್ಲೂ ಸರಿಯಿದೆ, ಇಸಿಎಂ ಪಿನ್ನುಗಳಲ್ಲಿ ಕಿಲುಬೂ ಇಲ್ಲ, ಪಿನ್ ಬಗ್ಗಿಯೂ ಇಲ್ಲ ಎಂದಾದ ಮೇಲೆ ಮಾತ್ರ ಇಸಿಎಂ ಮೇಲೆ ಸಂಶಯಪಡುವುದು ನ್ಯಾಯ. ಇನ್ನೊಂದು ಸುಳಿವನ್ನೂ ಹೇಳಬೇಕು. ಕೂಲೆಂಟ್ ಕೋಡಿನ ಜೊತೆಗೇ ಇಂಧನದ ಅಥವಾ ಗಾಳಿಯ ತಾಪಮಾನದ ಕೋಡುಗಳೂ ಒಮ್ಮೆಗೇ ಬಂದಿದ್ದರೆ ಆ ಸೆನ್ಸರುಗಳೆಲ್ಲ ಹಂಚಿಕೊಂಡಿರುವ ರಿಟರ್ನ್ ತಂತಿಯನ್ನು ಮೊದಲು ಹುಡುಕಿ, ಏಕೆಂದರೆ ಮೂರು ಸೆನ್ಸರುಗಳು ಒಂದೇ ದಿನ ಕೆಡುವುದು ಅಪರೂಪ.

ಪ್ರಶ್ನೆ: ನಮ್ಮ ಎಕ್ಸ್‌ಕವೇಟರಿನಲ್ಲಿ ಕೋಡ್ ಏನೂ ಬರುವುದಿಲ್ಲ. ಎಷ್ಟು ಕೆಲಸ ಮಾಡಿದರೂ ಮುಳ್ಳು ಮಧ್ಯಕ್ಕಿಂತ ಕೆಳಗೇ ಇರುತ್ತದೆ. ಇದು ಒಳ್ಳೆಯದೇ ಎಂದುಕೊಂಡಿದ್ದೆವು. ಆದರೆ ರಸ್ತೆ ಅಗಲಿಸಲು ಗುಡ್ಡ ಕಡಿಯುತ್ತಿದ್ದಾಗ ಒಂದು ಮಧ್ಯಾಹ್ನ ರಿಸರ್ವ್ ಟ್ಯಾಂಕಿನಿಂದ ನೀರು ಕುದಿದು ಉಕ್ಕಿತು. ಆಗಲೂ ಮುಳ್ಳು ಮಧ್ಯದಲ್ಲೇ ಇತ್ತು. ಬೆಳಿಗ್ಗೆ ನೋಡಿದರೆ ಅಳತೆ ಸರಿಯಾಗಿಯೇ ಇರುತ್ತದೆ. ಸೆನ್ಸರ್ ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೆಡುವುದುಂಟೇ?
— ಗುತ್ತಿಗೆದಾರರು, ಸಕಲೇಶಪುರ

ಉತ್ತರ: ನಿಮ್ಮ ಪ್ರಶ್ನೆ ಈ ಸಂಚಿಕೆಯ ಪ್ರಶ್ನೆಗಳಲ್ಲೆಲ್ಲ ಅತ್ಯಂತ ಗಂಭೀರವಾದದ್ದು. ಬಿಸಿ ಹೆಚ್ಚು ತೋರಿಸುವ ದೋಷ ಕೆಲಸವನ್ನು ನಿಲ್ಲಿಸುತ್ತದೆ. ಬಿಸಿ ಕಡಿಮೆ ತೋರಿಸುವ ದೋಷ ಎಂಜಿನ್ನನ್ನೇ ಬಲಿ ತೆಗೆದುಕೊಳ್ಳುತ್ತದೆ. ಕಾರಣ ತಿಳಿಯುವವರೆಗೆ ಯಂತ್ರವನ್ನು ಭಾರದ ಕೆಲಸಕ್ಕೆ ಹಚ್ಚಬೇಡಿ.

ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು ಎಂಬುದಕ್ಕೆ ಲೆಕ್ಕದಲ್ಲಿಯೇ ಉತ್ತರವಿದೆ. ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದು ದಾರಿಯಲ್ಲಿ 100 ಓಮ್‌ನಷ್ಟು ರೋಧ ಹೆಚ್ಚುವರಿಯಾಗಿ ಸೇರಿಕೊಂಡಿದೆ ಎಂದಿಟ್ಟುಕೊಳ್ಳಿ. ಮೇಲೆ ಹೇಳಿದ ಬಗೆಯ ಸೆನ್ಸರಿನಲ್ಲಿ ಬೆಳಗಿನ 20 ಡಿಗ್ರಿಗೆ 2,500 ಓಮ್ ಇರುವಲ್ಲಿ 2,600 ಆಗುತ್ತದೆ. ಅಳತೆಯಲ್ಲಿ ಬರುವ ವ್ಯತ್ಯಾಸ ಒಂದು ಡಿಗ್ರಿಯ ಆಸುಪಾಸು, ಅದು ಯಾರ ಕಣ್ಣಿಗೂ ಬೀಳದು. ಆದರೆ ನೀರು 100 ಡಿಗ್ರಿ ಮುಟ್ಟಿದಾಗ ಸೆನ್ಸರಿನ ರೋಧ ಸುಮಾರು 190 ಓಮ್ ಮಾತ್ರ ಇದ್ದು, ಅದಕ್ಕೆ 100 ಸೇರಿ 290 ಆಗುತ್ತದೆ. ಇಸಿಎಂ ಅದನ್ನು 84 ಡಿಗ್ರಿಯ ಹತ್ತಿರದ ಸಂಖ್ಯೆಯಾಗಿ ಓದುತ್ತದೆ. ವೋಲ್ಟೇಜ್ ಮಿತಿಯೊಳಗೇ ಇರುವುದರಿಂದ ಕೋಡ್ ಬರುವುದಿಲ್ಲ, ಬಜರ್ ಕೂಗುವುದಿಲ್ಲ, ಫ್ಯಾನಿನ ವೇಗವನ್ನು ಇಸಿಎಂ ನಿಯಂತ್ರಿಸುವ ಯಂತ್ರವಾದರೆ ಅದೂ ಏರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಕನೆಕ್ಟರಿನೊಳಗೆ ನೀರು ಸೇರಿ ಎರಡು ಪಿನ್ನುಗಳ ನಡುವೆ ಸಣ್ಣ ಸೋರಿಕೆ ಉಂಟಾಗಿದ್ದರೆ ತಣ್ಣಗಿರುವಾಗಿನ ಅಳತೆ ಏರುಪೇರಾಗುತ್ತದೆಯೇ ಹೊರತು ಬಿಸಿಯಾದ ಮೇಲಿನ ಅಳತೆ ಬಹುತೇಕ ಸರಿಯಾಗಿಯೇ ಇರುತ್ತದೆ. ಯಾವ ಹೊತ್ತಿನಲ್ಲಿ ಅಳತೆ ತಪ್ಪುತ್ತದೆ ಎಂಬುದನ್ನು ಆಪರೇಟರ್ ಗಮನಿಸಿ ಹೇಳಿದರೆ ಅರ್ಧ ಪತ್ತೆಕಾರ್ಯ ಮುಗಿದಂತೆ.

ಆದರೆ ನಿಮ್ಮ ಯಂತ್ರದಲ್ಲಿ ಕಿಲುಬೇ ಕಾರಣವೆಂದು ಈಗಲೇ ತೀರ್ಮಾನಿಸುವಂತಿಲ್ಲ. ಕೂಲೆಂಟ್ ಮಟ್ಟ ಇಳಿದಿದ್ದರೆ ಅಥವಾ ರೇಡಿಯೇಟರ್ ತುಂಬಿಸುವಾಗ ಒಳಗೆ ಗಾಳಿ ಉಳಿದಿದ್ದರೆ ಸೆನ್ಸರಿನ ತುದಿ ದ್ರವದಲ್ಲಿ ಮುಳುಗದೆ ಗಾಳಿಯಲ್ಲೋ ಹಬೆಯಲ್ಲೋ ನಿಂತುಬಿಡುತ್ತದೆ, ಆಗಲೂ ಅಳತೆ ಕೆಳಗೇ ಇರುತ್ತದೆ. ಕೊಳವೆ ಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ಸುರಿದ ಎಂಜಿನ್ನಿನಲ್ಲಿ ಸೆನ್ಸರಿನ ತುದಿಗೆ ಸುಣ್ಣದ ಪದರ ಕಟ್ಟಿ, ಬಿಸಿ ಏರಿದ್ದು ಅದಕ್ಕೆ ತಡವಾಗಿ ತಿಳಿಯುತ್ತದೆ. ಬಿಸಿಗೆ ತಕ್ಕಂತೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದ್ದರೂ ಮುಳ್ಳು ದಿನವೆಲ್ಲ ಕೆಳಗೇ ಇರುತ್ತದೆ, ಆದರೆ ಅದು ನಿಜವಾದ ಅಳತೆ. ಅದರಿಂದ ನೀರು ಉಕ್ಕುವುದಿಲ್ಲ. ನಿಮ್ಮಲ್ಲಿ ನೀರು ಉಕ್ಕಿರುವುದರಿಂದ ರೇಡಿಯೇಟರಿನ ಮುಚ್ಚಳದ ರಬ್ಬರ್ ವಾಷರನ್ನೂ ಸ್ಪ್ರಿಂಗನ್ನೂ ನೋಡಿ. ಮುಚ್ಚಳ ಒತ್ತಡ ಹಿಡಿಯದಿದ್ದರೆ ಅತಿ ಬಿಸಿಯಾಗದೆಯೂ ಕೂಲೆಂಟ್ ಕುದಿಯಬಲ್ಲದು.

ಇವುಗಳನ್ನು ಬೇರ್ಪಡಿಸುವ ದಾರಿ ಒಂದೇ: ಸೆನ್ಸರಿನ ಮಾತನ್ನು ಕೇಳದೆ, ಬೇರೊಂದು ಸಾಧನದಿಂದ ಎಂಜಿನ್ನಿನ ಬಿಸಿಯನ್ನು ಅಳೆಯುವುದು. ಇನ್‌ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟ್ ಕೂತಿರುವ ಲೋಹದ ಮನೆಗೆ ಹತ್ತಿರದಿಂದ ಗುರಿಯಿಟ್ಟು ನೋಡಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಸಾಧನ ಕಡಿಮೆ ತೋರಿಸುವುದರಿಂದ ಅಲ್ಲಿ ಒಂದು ತುಂಡು ಕಪ್ಪು ಟೇಪನ್ನು ಅಂಟಿಸಿ, ಅದು ಬಿಸಿಯಾದ ಮೇಲೆ ಅಳೆಯಬೇಕು. ಲೋಹದ ಹೊರಮೈ ಒಳಗಿನ ನೀರಿಗಿಂತ ಕೆಲವು ಡಿಗ್ರಿ ತಣ್ಣಗಿರುವುದು ಸಹಜ. ಆದರೆ ಹೊರಮೈಯೇ 95 ಡಿಗ್ರಿ ಇದ್ದು ಮಾನಿಟರ್ 78 ತೋರಿಸುತ್ತಿದ್ದರೆ ಯಾವುದು ಸುಳ್ಳು ಎಂಬುದರಲ್ಲಿ ಸಂದೇಹವಿಲ್ಲ. ಬೆಳಗಿನ ಹೊತ್ತು, ಎಂಜಿನ್ ಇನ್ನೂ ಚಾಲೂ ಆಗದಿರುವಾಗ, ಮಾನಿಟರಿನ ಸರ್ವಿಸ್ ಪುಟದಲ್ಲಿ ಕೂಲೆಂಟ್, ಗಾಳಿ, ಇಂಧನ, ಹೈಡ್ರಾಲಿಕ್ ಆಯಿಲ್ ಈ ನಾಲ್ಕರ ತಾಪಮಾನಗಳನ್ನು ಹೋಲಿಸುವುದೂ ಒಳ್ಳೆಯ ಪರೀಕ್ಷೆ, ಏಕೆಂದರೆ ರಾತ್ರಿ ಕಳೆದ ಮೇಲೆ ಅವೆಲ್ಲ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಆದರೆ ಮೇಲಿನ ಲೆಕ್ಕದಲ್ಲಿ ಕಂಡಂತೆ, ಕಿಲುಬಿನ ದೋಷ ಈ ಬೆಳಗಿನ ಪರೀಕ್ಷೆಯಲ್ಲಿ ಸಿಕ್ಕಿಬೀಳದೆ ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ನೆನಪಿಡಿ.

ಸೆನ್ಸರನ್ನು ಹೊರತೆಗೆದು ಪರೀಕ್ಷಿಸುವುದಾದರೆ ಎಂಜಿನ್ ಪೂರ್ತಿ ತಣಿದ ಮೇಲೆಯೇ ಮುಚ್ಚಳ ತೆರೆದು ಒತ್ತಡ ಬಿಡಿ. ಬಿಸಿ ಕೂಲೆಂಟ್ ಮುಖಕ್ಕೆ ಚಿಮ್ಮಿ ಆಗುವ ಸುಟ್ಟಗಾಯ ಅತ್ಯಂತ ಘೋರವಾದದ್ದು. ಪಾತ್ರೆಯ ನೀರಿನಲ್ಲಿ ಸೆನ್ಸರಿನ ಲೋಹದ ತುದಿಯನ್ನು ತಳಕ್ಕೆ ತಗುಲದಂತೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ನೀರು ಕಾಯುತ್ತಾ ಹೋದಂತೆ ರೋಧವನ್ನು ಬರೆದುಕೊಳ್ಳಿ. ಇಳಿಕೆ ಎಲ್ಲಿಯೂ ಜಿಗಿಯದೆ ಸಮವಾಗಿ ಸಾಗಬೇಕು, ಸಂಖ್ಯೆಗಳು ನಿಮ್ಮ ಯಂತ್ರದ ಸರ್ವಿಸ್ ಪುಸ್ತಕದ ಪಟ್ಟಿಗೆ ಹೊಂದಬೇಕು. ಥರ್ಮಾಮೀಟರ್ ಇಲ್ಲದೆ ಕುದಿಯುವ ನೀರನ್ನೇ 100 ಡಿಗ್ರಿ ಎಂದುಕೊಳ್ಳುವವರಿಗೆ ಒಂದು ಮಾತು: ಅದು ಮಂಗಳೂರಿನಲ್ಲಿ ನಡೆಯುತ್ತದೆ. ಸಮುದ್ರ ಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ನಿಮ್ಮ ಊರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಸೆನ್ಸರ್ ಪರೀಕ್ಷೆಯಲ್ಲಿ ಸರಿ ಬಂದರೆ ಕನೆಕ್ಟರಿನ ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಪಿನ್ ಸಡಿಲವಾಗಿದೆಯೇ ಎಂದು ನೋಡಿ, ತಂತಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ರೋಧವನ್ನು ಅಳೆಯಿರಿ. ಅದು ಒಂದೆರಡು ಓಮ್ ಮೀರಬಾರದು. ಪಿನ್ನಿನ ಬೇರಿನವರೆಗೆ ಕಿಲುಬು ಇಳಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಕನೆಕ್ಟರನ್ನೇ ಬದಲಿಸಿ.

ಪ್ರಶ್ನೆ: ಗ್ರಾನೈಟ್ ಕ್ವಾರಿಯಲ್ಲಿ ನಮ್ಮದು ಹಳೆಯ ಎಕ್ಸ್‌ಕವೇಟರ್, ಎಂಜಿನ್ನಿಗೆ ಕಂಪ್ಯೂಟರ್ ಇಲ್ಲ. ತಾಪಮಾನದ ಸೆನ್ಸರಿಗೆ ಒಂದೇ ವೈರ್ ಇದೆ. ಹೊಸದು ಹಾಕಿದ ಮೇಲೆ ಮುಳ್ಳು ಒಮ್ಮೆ ಏರುತ್ತದೆ, ಒಮ್ಮೆ ಬೀಳುತ್ತದೆ. ನೀರು ಸೋರಬಾರದೆಂದು ತಿರುಪಿಗೆ ಬಿಳಿ ಟೇಪ್ ಸುತ್ತಿ ಕೂರಿಸಿದ್ದೇವೆ.
— ಆಪರೇಟರ್, ಇಳಕಲ್

ಉತ್ತರ: ನೀವು ಸುತ್ತಿದ ಆ ಟೇಪೇ ಕಾರಣವಿರಬಹುದು. ಒಂದೇ ವೈರಿನ ಸೆನ್ಸರಿಗೆ (ಇದನ್ನು ಸೆಂಡರ್ ಎನ್ನುತ್ತಾರೆ) ಅದರ ಲೋಹದ ಮೈಯೇ ಅರ್ಥ್. ತಿರುಪು ಬ್ಲಾಕಿಗೆ ಚೆನ್ನಾಗಿ ತಗುಲಿದರೆ ಮಾತ್ರ ವಿದ್ಯುತ್ತಿನ ದಾರಿ ಪೂರ್ಣವಾಗುತ್ತದೆ. ದಪ್ಪನಾಗಿ ಸುತ್ತಿದ ಟೇಪ್ ಆ ಸಂಪರ್ಕವನ್ನು ಕೆಡಿಸುತ್ತದೆ, ಎಂಜಿನ್ ಅದುರಿದಂತೆಲ್ಲ ಮುಳ್ಳು ಕುಣಿಯುತ್ತದೆ. ಟೇಪ್ ತೆಗೆದು, ತಿರುಪನ್ನು ಶುಚಿಗೊಳಿಸಿ, ಅದಕ್ಕೆ ಇರಬೇಕಾದ ವಾಷರಿನೊಂದಿಗೆ ಕೂರಿಸಿ. ಗೇಜ್ ಸರಿಯಿದೆಯೇ ಎಂದು ತಿಳಿಯಲು ಕೀ ಆನ್ ಮಾಡಿ, ವೈರನ್ನು ಸೆಂಡರಿನಿಂದ ಬಿಡಿಸಿ ನೋಡಿ. ಬಳಿಕ ಅದೇ ವೈರನ್ನು ಕ್ಷಣಕಾಲ ಮಾತ್ರ ಬ್ಲಾಕಿಗೆ ಮುಟ್ಟಿಸಿ. ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿದರೆ ಗೇಜಿನಲ್ಲೂ ವೈರಿನಲ್ಲೂ ತೊಂದರೆಯಿಲ್ಲ.

ಪ್ರಶ್ನೆ: ಸೆನ್ಸರ್ ಬರಲು ತಡವಾಗುತ್ತದೆ, ಅಲ್ಲಿಯವರೆಗೆ ಸೆನ್ಸರಿನ ಜಾಗದಲ್ಲಿ ಒಂದು ರೆಸಿಸ್ಟರ್ ಸಿಕ್ಕಿಸಿದರೆ ಕೋಡ್ ಹೋಗಿ ಯಂತ್ರ ಪೂರ್ತಿ ಶಕ್ತಿಯಲ್ಲಿ ಓಡುತ್ತದೆ ಎಂದು ಪರಿಚಯದ ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ. ಬಾಡಿಗೆ ಕೆಲಸ ನಿಂತಿದೆ. ಹೀಗೆ ಮಾಡಬಹುದೇ?
— ಯಂತ್ರದ ಮಾಲೀಕರು, ಹಾವೇರಿ

ಉತ್ತರ: ಮಾಡಬಾರದು. ಮೇಲೆ ಹೇಳಿದ ಬಗೆಯ ಸೆನ್ಸರಿನ ಜಾಗದಲ್ಲಿ 1,000 ಓಮ್‌ನ ರೆಸಿಸ್ಟರ್ ಸಿಕ್ಕಿಸಿದರೆ ಇಸಿಎಂ ಹಗಲು ರಾತ್ರಿ ನೀರು 45 ಡಿಗ್ರಿಯ ಹತ್ತಿರ ಇದೆ ಎಂದೇ ನಂಬಿರುತ್ತದೆ. ಫ್ಯಾನ್ ಬೆಲ್ಟ್ ತುಂಡಾದರೂ, ಹೋಸ್ ಒಡೆದು ಕೂಲೆಂಟ್ ಪೂರ್ತಿ ಹೋದರೂ ಎಚ್ಚರಿಕೆ ಬರುವುದಿಲ್ಲ, ಶಕ್ತಿಯೂ ಇಳಿಯುವುದಿಲ್ಲ. ಹೆಡ್ ಗ್ಯಾಸ್ಕೆಟ್ ಸುಟ್ಟು, ಹೆಡ್ ಬಾಗಿ, ಪಿಸ್ಟನ್ ಹಿಡಿದುಕೊಂಡ ಮೇಲೆ ತಿಳಿಯುತ್ತದೆ. ಇಸಿಎಂ ಈಗ ಶಕ್ತಿಯನ್ನು ಕಡಿಮೆ ಮಾಡಿರುವುದು ನಿಮ್ಮ ಎಂಜಿನ್ನನ್ನು ಉಳಿಸುವುದಕ್ಕಾಗಿ. ಕೆಲಸ ನಿಂತಾಗಿನ ಕಷ್ಟ, ಕಂತು ಕಟ್ಟುವ ಚಿಂತೆ ನಮಗೆ ಅರ್ಥವಾಗುತ್ತದೆ. ಆದರೂ ಕೆಲವು ದಿನಗಳ ಬಾಡಿಗೆಗಾಗಿ ಇಡೀ ಎಂಜಿನ್ನನ್ನು ಪಣಕ್ಕಿಡುವ ಈ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪಬೇಡಿ.

ಸೆನ್ಸರ್ ತರಿಸುವಾಗ ಪಾರ್ಟ್ ನಂಬರ್ ನೋಡಿಯೇ ತರಿಸಿ. ತಿರುಪೂ ಕನೆಕ್ಟರೂ ಒಂದೇ ಆಗಿದ್ದರೂ ಒಳಗಿನ ರೋಧದ ಪಟ್ಟಿ ಬೇರೆಯಾಗಿರಬಹುದು. 25 ಡಿಗ್ರಿಯಲ್ಲಿ 10,000 ಓಮ್ ಇರುವ ಬಗೆಯ ಸೆನ್ಸರಿನಲ್ಲಿ 80 ಡಿಗ್ರಿಗೂ ಸುಮಾರು 1,250 ಓಮ್ ಇರುತ್ತದೆ. 2,500 ಓಮ್‌ನ ಬಗೆಯನ್ನು ನಿರೀಕ್ಷಿಸುವ ಇಸಿಎಂ ಅದನ್ನು 40 ಡಿಗ್ರಿಗಿಂತಲೂ ಕಡಿಮೆ ಎಂದು ಓದುತ್ತದೆ. ಅಂಗಡಿಯಲ್ಲಿ ಕೈಗೆ ತೆಗೆದುಕೊಂಡ ಕೂಡಲೇ ಮೀಟರ್ ಹಚ್ಚಿ ನೋಡಿ. ಕೊಠಡಿಯ ತಾಪಮಾನದಲ್ಲಿ ಅದು ತೋರಿಸುವ ರೋಧ ಸರ್ವಿಸ್ ಪುಸ್ತಕದ ಸಂಖ್ಯೆಗೆ ಹತ್ತಿರವಿಲ್ಲದಿದ್ದರೆ ಅಲ್ಲಿಯೇ ಹಿಂತಿರುಗಿಸಿ. ಹೊಸದನ್ನು ಕೂರಿಸಿದ ಮೇಲೆ ಕಂಪನಿ ಹೇಳಿದ ಕೂಲೆಂಟನ್ನೇ ನಿಧಾನವಾಗಿ ತುಂಬಿಸಿ, ಗಾಳಿ ಹೊರಹೋಗುವವರೆಗೆ ಎಂಜಿನ್ನನ್ನು ಕಡಿಮೆ ವೇಗದಲ್ಲಿ ಓಡಿಸಿ. ಎಂಜಿನ್ ತಣಿದ ಮೇಲೆ ಮಟ್ಟವನ್ನು ಮತ್ತೊಮ್ಮೆ ನೋಡಿ, ಬಳಿಕವೇ ಬಕೆಟ್ಟನ್ನು ಮಣ್ಣಿಗಿಳಿಸಿ.